ಜಂಪಿಂಗ್ ಜೋ ಹುಟ್ಟಿದ ಊರಿನ ದಡದಲ್ಲಿ

ಮಗಳು, ಅಳಿಯ ಅಮೆರಿಕದ ನ್ಯಾಶ್‌ವಿಲ್‌ನಲ್ಲಿದ್ದಾರೆ. ಅಲ್ಲಿ ಮೂರು ವಾರ ಇದ್ದೆ. ನೋಡಿದ ಮ್ಯೂಸಿಯಂ, ಮಾಲ್ ಎಲ್ಲಾ ಆಗಲೇ ಮಸುಕಾಗಿವೆ. ಕೆಂಟಕಿ ಲೇಕ್ ದಡದಲ್ಲಿ ಕಳೆದ ಒಂದು ಸಂಜೆ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಹೋಗಿದ್ದು ‘ಜಂಪಿಂಗ್ ಜೋ’ ಅಂತ ಹೆಸರಾದ ಹಳೇ ಕಾಲದ ಬಾಸ್ಕೆಟ್‌ಬಾಲ್ ಆಟಗಾರ ಜೋ ಫಲ್ಕ್ಸ್ ಊರಿಗೆ. ಕಾಲೇಜಿನಲ್ಲಿ ನಾನೂ ಬಾಸ್ಕೆಟ್‌ಬಾಲ್ ಫಾರ್ವರ್ಡ್. ನನಗೆ ಜಂಪ್ ಶಾಟ್ (ಮೇಲೆ ಹಾರಿ ಬಾಲ್ ಎಸೆಯೋದು) ಕಲಿಸಿದ ಕೋಚ್ ಬಾಯಲ್ಲಿ ಈ ಹೆಸರು ಮೊದಲು ಕೇಳಿದ್ದು. 1921ರಲ್ಲಿ ಜೋ ಹುಟ್ಟಿದ್ದು ಕೆಂಟಕಿ ರಾಜ್ಯದ ಬರ್ಮಿಂಗ್‌ಹ್ಯಾಂ ಅನ್ನೋ ಪುಟ್ಟ ಊರಲ್ಲಿ.

ಒಂದು ಮಾತು. ಮ್ಯಾಪಿನಲ್ಲಿ ಬರೀ ‘ಬರ್ಮಿಂಗ್‌ಹ್ಯಾಂ’ ಅಂತ ಹಾಕಬೇಡಿ. ಅದು ಅಲಬಾಮಾದ ದೊಡ್ಡ ನಗರದ ದಾರಿ ತೋರಿಸುತ್ತದೆ. ದಕ್ಷಿಣಕ್ಕೆ ಒಂದು ಗಂಟೆ ಹೋದ ಮೇಲೆ ನಮಗೆ ಗೊತ್ತಾಯಿತು. ‘ಬರ್ಮಿಂಗ್‌ಹ್ಯಾಂ ಪಾಯಿಂಟ್, ಕೆಂಟಕಿ’ ಅಂತ ಹಾಕಿ. ಜೋ ಕಾಲೇಜು ತಂಡಕ್ಕೆ ಆಡಿದ ಮರ್ರೆ ಊರನ್ನೂ ನೋಡಬೇಕಿತ್ತು. ಹೊತ್ತು ಸಾಲಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ತಲುಪಿದಾಗ ಕಂಡಿದ್ದು ಬರೀ ನೀರು. ಟೆನ್ನೆಸ್ಸೀ ನದಿಗೆ ಕಟ್ಟಿದ ಕೆಂಟಕಿ ಡ್ಯಾಂ 1944ರಲ್ಲಿ ಮುಗಿಯಿತು, ಊರು ಮುಳುಗಿತು. ನಮ್ಮದು ಶರಾವತಿ ಕಡೆ. ಅಜ್ಜನ ಮನೆ, ಅಡಿಕೆ ತೋಟ ಲಿಂಗನಮಕ್ಕಿಯಲ್ಲಿ ಹೋದವು. ಮಾತೇ ಹೊರಡಲಿಲ್ಲ.

ದಡದಲ್ಲಿ ಒಬ್ಬ ಅಜ್ಜ ಗಾಳ ಹಾಕಿ ಕೂತಿದ್ದರು. ಜೋ ಹೆಸರು ಹೇಳಿದ್ದೇ ತಡ, ಗಾಳ ಕೆಳಗಿಟ್ಟು ಎದ್ದರು. “ನಮ್ಮಪ್ಪ ಅವನ ಆಟ ನೋಡಿದ್ದರು. ಹೀಗೆ!” ಅಂತ ಕೆರೆಗೆ ಬೆನ್ನು ಹಾಕಿ ನಿಂತರು. ಗಕ್ಕನೆ ತಿರುಗಿ, ಹಿಮ್ಮಡಿ ಎತ್ತಿ, ಕಿವಿ ಪಕ್ಕದಿಂದ ಬಾಲ್ ಬಿಟ್ಟ ಹಾಗೆ ಕೈ ಚಾಚಿದರು. ಒಮ್ಮೆ ಬಲಗೈ, ಒಮ್ಮೆ ಎಡಗೈ. ಬೆರಳಿಗೆ ಎರೆಹುಳದ ಮಣ್ಣು ಇನ್ನೂ ಅಂಟಿತ್ತು.

ಆಗಿನ ಆಟಗಾರರು ಹೆಚ್ಚಾಗಿ ಎರಡೂ ಕಾಲು ನೆಲಕ್ಕೂರಿಯೇ ಶಾಟ್ ಹೊಡೆಯುತ್ತಿದ್ದರು. ಜೋ ಹಾರಿ ಹೊಡೆದ. 1946ರಲ್ಲಿ ಈಗಿನ ಎನ್‌ಬಿಎ ಲೀಗಿನ ಮೊದಲ ರೂಪದಲ್ಲಿ ಆಡುತ್ತಿದ್ದ ಫಿಲಡೆಲ್ಫಿಯಾ ವಾರಿಯರ್ಸ್ ತಂಡ ಸೇರಿದ ಮೊದಲ ಸೀಸನ್‌ನಲ್ಲೇ ಪಂದ್ಯಕ್ಕೆ 23.2 ಪಾಯಿಂಟ್. ಎರಡನೆಯವನದ್ದು 16.8! ಆ ಸಲದ ಚಾಂಪಿಯನ್ ಪಟ್ಟವೂ ವಾರಿಯರ್ಸ್ ತಂಡದ್ದೇ. 1949ರ ಫೆಬ್ರವರಿ 10ರಂದು ಇಂಡಿಯಾನಾಪೊಲಿಸ್ ಜೆಟ್ಸ್ ಎದುರು ಒಬ್ಬನೇ 63 ಹೊಡೆದ. ತಲಾ ಎರಡು ಪಾಯಿಂಟಿನ 27 ಬಾಸ್ಕೆಟ್, ತಲಾ ಒಂದರ 9 ಫ್ರೀ ಥ್ರೋ. ಇಷ್ಟೇ ಸೆಕೆಂಡಿನಲ್ಲಿ ಬಾಲ್ ಎಸೆಯಬೇಕು ಅನ್ನೋ ಶಾಟ್ ಕ್ಲಾಕ್ ಇಲ್ಲದ ಕಾಲ ಅದು. 1959ರಲ್ಲಿ ಎಲ್ಜಿನ್ ಬೇಲರ್ 64 ಹೊಡೆಯುವ ತನಕ ಆ ದಾಖಲೆ ಅಲುಗಾಡಲಿಲ್ಲ.

ಹತ್ತಕ್ಕೆ ಮೂರೇ ಶಾಟ್ ಬೀಳುತ್ತಿತ್ತು ಅಂತ ಈಗ ಕೆಲವರು ಮೂಗು ಮುರಿಯುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆ ಮೊದಲ ಸೀಸನ್‌ನಲ್ಲಿ ಇಡೀ ಲೀಗಿನ ಸರಾಸರಿ ಅದಕ್ಕೂ ಕಡಿಮೆ ಇತ್ತು, ಗೊತ್ತಾ?

1954ರಲ್ಲಿ ಆಟ ಬಿಟ್ಟು ಜೋ ಕೆಂಟಕಿಗೆ ಮರಳಿದ. 1976ರಲ್ಲಿ ಎಡಿವಿಲ್‌ನಲ್ಲಿ ಗುಂಡೇಟಿಗೆ ಸತ್ತ. ಬಾಸ್ಕೆಟ್‌ಬಾಲ್ ದಿಗ್ಗಜರಿಗೆ ಕೊಡುವ ಹಾಲ್ ಆಫ್ ಫೇಮ್ ಗೌರವ ಬಂದಿದ್ದು ಅದಾಗಿ ಎರಡು ವರ್ಷಕ್ಕೆ. ಇದನ್ನು ಹೇಳುವಾಗ ಅಜ್ಜನ ದನಿ ತಗ್ಗಿತು.

ನಮ್ಮೂರ ಕಥೆ ಹೇಳಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಹಳೇ ಮಡೆನೂರು ಡ್ಯಾಂ ಮೇಲೆ ಕಾಣುತ್ತೆ, ನೋಡೋಕೆ ಹೋಗ್ತೀವಿ ಅಂದೆ.

“ಇಲ್ಲಿ ಚಳಿಗಾಲದಲ್ಲಿ ಐದಡಿ ನೀರು ಇಳಿಸ್ತಾರೆ. ಆಗ ಬನ್ನಿ” ಅಂದರು. ಮತ್ತೆ ಗಾಳ ಎತ್ತಿಕೊಂಡು, ಅದರ ತುದಿಯಿಂದಲೇ ನೀರಿನ ನಡುವೆ ಊರಿದ್ದ ಕಡೆ ತೋರಿಸಿದರು.