ಪೆಟ್ಟಿಗೆಯೊಳಗಿನ ಅರ್ಧ ಸೂರ್ಯ: ಮೂರನೆಯ ವಾರದ ಟಿಪ್ಪಣಿ

ಡ್ಯಾನಿಶ್-ಐಸ್‌ಲ್ಯಾಂಡಿಕ್ ಕಲಾವಿದ ಒಲಾಫುರ್ ಎಲಿಯಾಸನ್ ಅವರು 2003ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್‌ನಲ್ಲಿ ಹುಟ್ಟಿಸಿದ ಸೂರ್ಯ, ನಿಜಕ್ಕೂ ಅರ್ಧ ಬಿಲ್ಲೆ ಮಾತ್ರ. ಉಳಿದರ್ಧವನ್ನು ಚಾವಣಿಗೆ ಹೊದಿಸಿದ್ದ ಕನ್ನಡಿ ಹಾಳೆ ತುಂಬಿಕೊಡುತ್ತಿತ್ತು. ‘ದಿ ವೆದರ್ ಪ್ರಾಜೆಕ್ಟ್’ ಎಂಬ ಆ ಕೃತಿಯನ್ನು ಚಿತ್ರಗಳಲ್ಲಷ್ಟೇ ಕಂಡ ನಾನು, 155 ಮೀಟರ್ ಉದ್ದದ ಆ ಸಭಾಂಗಣವನ್ನು ನೂರರಲ್ಲೊಂದು ಪಾಲಿಗೆ ಇಳಿಸಿ, ಫ್ರಿಜ್ಜಿನ ರಟ್ಟಿನಲ್ಲಿ ಕಟ್ಟುತ್ತಿದ್ದೇನೆ.

ಮೊದಲು ಚಾವಣಿಗೆ ಗಾಜಿನ ಕನ್ನಡಿ ಕೂರಿಸಿದ್ದು ತಪ್ಪಾಯಿತು. ಕನ್ನಡಿಯ ರಸ ಗಾಜಿನ ಹಿಂಬದಿಗಿರುವುದರಿಂದ, ಬಿಲ್ಲೆಗೂ ಅದರ ಪ್ರತಿಬಿಂಬಕ್ಕೂ ನಡುವೆ ಗಾಜಿನ ದಪ್ಪದ ಕಪ್ಪು ಗೆರೆಯೊಂದು ಉಳಿದು, ಸೂರ್ಯ ಎರಡು ಹೋಳಾಗಿ ಕಂಡ. ಮಿರರ್ ಫಿಲ್ಮ್ ಎಳೆದು ಅಂಟಿಸಿದ ಮೇಲೆ ಗೆರೆ ಮಾಯವಾಯಿತು. ಹಾಳೆಯ ಸುಕ್ಕಿನಿಂದ ಮೇಲಿನ ಅಂಚು ಕೊಂಚ ನಡುಗುತ್ತದೆ, ಆದರೆ ನನಗೆ ಆ ನಡುಕವೇ ಹೆಚ್ಚು ಇಷ್ಟವಾಗಿದೆ.

ಬೆಳಕಿನ ವಿಷಯದಲ್ಲಿ ಹೆಚ್ಚು ದಿನ ಕಳೆದೆ. ಎಲಿಯಾಸನ್ ಬಳಸಿದ್ದು ಒಂದೇ ತರಂಗಾಂತರದ ಹಳದಿ ಬೆಳಕು ಬೀರುವ ಸೋಡಿಯಂ ದೀಪಗಳನ್ನು. ಅವುಗಳಡಿ ನಿಂತವರಿಗೆ ಹಳದಿ ಮತ್ತು ಕಪ್ಪಿನ ಹೊರತು ಬೇರಾವ ಬಣ್ಣವೂ ಕಾಣುತ್ತಿರಲಿಲ್ಲ. ಬಿಳಿ ಎಲ್‌ಇಡಿಗೆ ಹಳದಿ ಜೆಲಟಿನ್ ಕಾಗದ ಸುತ್ತಿ ನೋಡಿದಾಗ, ಪರೀಕ್ಷೆಗೆಂದು ಒಳಗಿಟ್ಟಿದ್ದ ಕುಂಕುಮ ಕೆಂಪಾಗಿಯೂ ವೀಳ್ಯದೆಲೆ ಹಸಿರಾಗಿಯೂ ಉಳಿದವು, ಏಕೆಂದರೆ ಆ ಕಾಗದ ಕೆಂಪು, ಹಸಿರು ಎರಡನ್ನೂ ಒಳಗೆ ಬಿಡುತ್ತದೆ. ಅಂಬರ್ ಎಲ್‌ಇಡಿ ಪಟ್ಟಿಯನ್ನು ಬಟರ್ ಪೇಪರಿನ ಹಿಂದೆ ಹಚ್ಚಿದ ಕೂಡಲೇ ಎಲೆ ಮಸುಕಾಗಿ ಕಂದಿತು. ಕುಂಕುಮದಲ್ಲಿ ಮಾತ್ರ ಕೆಂಪಿನ ಸುಳಿವು ಇನ್ನೂ ಇದೆ. ಸೋಡಿಯಂ ದೀಪದಷ್ಟು ಶುದ್ಧ ಬೆಳಕು ಇದರಿಂದ ಸಿಗುವುದಿಲ್ಲ.

ಮೂಲ ಕೃತಿಯಲ್ಲಿ ಸಭಾಂಗಣದೊಳಗೆ ಹರಡುತ್ತಿದ್ದ ತೆಳು ಮಂಜಿಗೆ ಬದಲಾಗಿ, ನನ್ನ ಪೆಟ್ಟಿಗೆಯಲ್ಲಿ ಸದ್ಯ ಊದುಬತ್ತಿಯ ಹೊಗೆ. ಪಕ್ಕದ ತೂತಿನಿಂದ ಅದು ಒಳಸೇರಿದಾಗ ಹಿಂಗೋಡೆ ಮರೆಯಾಗಿ, ಪೆಟ್ಟಿಗೆ ಇದ್ದುದಕ್ಕಿಂತ ಎಷ್ಟೋ ಆಳವಾಗಿ ಕಾಣುತ್ತದೆ.

ಲಂಡನ್ನಿನಲ್ಲಿ ಜನ ನೆಲದ ಮೇಲೆ ಅಂಗಾತ ಮಲಗಿ, ಮೇಲಿನ ಕನ್ನಡಿಯಲ್ಲಿ ಕೈಕಾಲು ಆಡಿಸುತ್ತ ತಮ್ಮನ್ನು ತಾವೇ ಹುಡುಕುತ್ತಿದ್ದರು. ನಿನ್ನೆ ರಾತ್ರಿ 1.7 ಸೆಂಟಿಮೀಟರಿನ ನಾಲ್ಕು ಕಾಗದದ ಮನುಷ್ಯರನ್ನು ಮಲಗಿಸಿ ಇಣುಕುಕಿಂಡಿಯಿಂದ ನೋಡಿದೆ. ಚಾವಣಿಯಲ್ಲಿ ನಾಲ್ವರೂ ಸಿಕ್ಕರು. ಇನ್ನೂ ನಲವತ್ತು ಮಂದಿಯನ್ನು ಕತ್ತರಿಸಬೇಕಾಗಿದೆ.