ಪೆನ್ಸಿಲ್ವೇನಿಯಾದ ಪಿಸ್ತೂಲಿಗೆ ದೀಪದ ಕಾಡಿಗೆ

ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಬಾಯಿಂದ ಮದ್ದು ತುಂಬುವ ಪಿಸ್ತೂಲು ಹೊಸದೇನಲ್ಲ. ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅದನ್ನು ಮನೆಯ ಶೆಡ್ಡಿನಲ್ಲೇ ಕೂತು ಮಾಡುವವರಿದ್ದಾರೆ. 18ನೇ ಶತಮಾನದಲ್ಲಿ ಜರ್ಮನ್ ಮಾತಾಡುವ ಕುಶಲಕರ್ಮಿಗಳು ಲ್ಯಾಂಕಾಸ್ಟರ್ ಸುತ್ತ ಬೆಳೆಸಿದ ಕಸುಬು ಇದು. ನಳಿಗೆಯನ್ನೂ, ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಚಕಮಕಿ ಲಾಕನ್ನೂ ಬಹಳಷ್ಟು ಮಂದಿ ಪಳಗಿದವರಿಂದ ಕೊಳ್ಳುತ್ತಾರೆ; ಕೊಳ್ಳುವುದೇ ಸರಿ. ಕೈಗೆ ಉಳಿಯುವುದು ಮರದ ಕೆಲಸ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ಅಮೆರಿಕದ 1968ರ ಕೇಂದ್ರ ಕಾಯ್ದೆ ಇಂಥ ಹಳೆ ಮಾದರಿಯನ್ನು ಬಂದೂಕೆಂದು ಎಣಿಸುವುದಿಲ್ಲ. ಆದರೆ ರಾಜ್ಯಕ್ಕೊಂದು ನಿಯಮ. ವೀಸಾದ ಮೇಲಿರುವವರು ವಿಚಾರಿಸದೆ ಕೈ ಹಾಕಬಾರದು. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ತಯಾರಿಕೆಗೇ ಪರವಾನಗಿ ಬೇಕು.

ಮರ ಎಂದರೆ ಇಲ್ಲಿ ಮೇಪಲ್, ಅದರಲ್ಲೂ ಹುಲಿಪಟ್ಟೆಯಂಥ ಅಡ್ಡಗೆರೆ ಇರುವ ಹಲಗೆ. ಅಂದಕ್ಕೆ ಮರುಳಾಗುವ ಮುನ್ನ ಎಳೆಯ ಓಟ ನೋಡಬೇಕು: ಹಿಡಿ ಬಾಗುವ ಕಡೆ ಎಳೆಯೂ ಜೊತೆಗೇ ಬಾಗಿರಬೇಕು. ಅಡ್ಡ ಕತ್ತರಿಸಿಹೋಗಿದ್ದರೆ, ಪಿಸ್ತೂಲು ಒಮ್ಮೆ ನೆಲಕ್ಕೆ ಬಿದ್ದರೂ ಅಲ್ಲೇ ಮುರಿಯುತ್ತದೆ. ತೇವ ಶೇ. 6ರಿಂದ 8ರೊಳಗಿರಲಿ. ಹಸಿ ಮರದಲ್ಲಿ ಕೂರಿಸಿದ್ದೆಲ್ಲ ಚಳಿಗಾಲದಲ್ಲಿ ಹೀಟರ್ ಹಾಕಿದ ಮೇಲೆ ಸಡಿಲಾಗುತ್ತದೆ.

ಇನ್ನು ಲೋಹವನ್ನು ಮರದೊಳಗೆ ಕೂರಿಸುವುದು. ಇದಕ್ಕೆ ಅಳತೆಪಟ್ಟಿಗಿಂತ ಸೀಮೆಎಣ್ಣೆ ದೀಪದ ಕಾಡಿಗೆಯೇ ಮೇಲು. ನಳಿಗೆಯ ತಳಕ್ಕೆ ತೆಳುವಾಗಿ ಹೊಗೆ ಹಿಡಿಸಿ, ತೋಡಿದ ಕಾಲುವೆಯಲ್ಲಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎತ್ತಬೇಕು. ಕಪ್ಪು ಅಂಟಿದ ಕಡೆ ಮಾತ್ರ ಚೂಪಾದ ಉಳಿಯಿಂದ ಕಾಗದದಷ್ಟು ತೆಳುವಾಗಿ ಹೆರೆದು, ಮತ್ತೆ ಇಟ್ಟು ನೋಡಬೇಕು. ಮೂವತ್ತು, ನಲವತ್ತು ಸಲ ಆದರೂ ಆಶ್ಚರ್ಯವಿಲ್ಲ. ಕಾಡಿಗೆ ದಪ್ಪವಾದರೆ ಎಲ್ಲೆಡೆ ಕಪ್ಪಾಗಿ ಸುಳ್ಳು ಹೇಳುತ್ತದೆ. ಅವಸರದವರು ಅಂಚನ್ನೇ ಹೆರೆದುಬಿಡುತ್ತಾರೆ, ನಿಜವಾಗಿ ತಡೆದದ್ದು ತಳದಲ್ಲಿ. ಹೊರಗೆ ಬಿದ್ದ ಆ ಸಂದು ಕೊನೆತನಕ ಕಣ್ಣಿಗೆ ಚುಚ್ಚುತ್ತದೆ. ಲೋಹದ ಸುತ್ತ ಮರ ಒಂದು ಮಿಲಿಮೀಟರಿನಷ್ಟು ಎತ್ತರವಾಗಿಯೇ ಇರಲಿ, ಕೊನೆಗೆ ಅರದಿಂದ ಇಳಿಸಬಹುದು. ಮೇಪಲ್ ಗಟ್ಟಿ ಮರ: ಮೊದಲು ತೂತು ಕೊರೆಯದೆ, ಜೇನುಮೇಣ ಸವರದೆ ತಿರುಪಿದರೆ ಹಿತ್ತಾಳೆ ಸ್ಕ್ರೂ ತಲೆ ಮುರಿದು ಒಳಗೇ ಉಳಿಯುತ್ತದೆ.

ಬಣ್ಣಕ್ಕೆ ಮುಂಚೆ ನೀರು ಸವರಿ, ಒಣಗಿಸಿ, ಎದ್ದ ನಾರನ್ನು 220 ನಂಬರಿನ ಉಪ್ಪುಕಾಗದದಿಂದ ತೆಗೆಯಬೇಕು, ಮೂರು ಸಲ. ಆಮೇಲೆ ಮರಕ್ಕೆ ಬಣ್ಣ ಕೊಡುವ ಫೆರಿಕ್ ನೈಟ್ರೇಟ್ ದ್ರಾವಣ, ಅಂದರೆ ಆಮ್ಲಗುಣದ ಕಬ್ಬಿಣದ ಲವಣದ ನೀರು. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಲ್ಲೇ ಹಚ್ಚಬೇಕು. ಒಣಗಿದಾಗ ಮಂಕು ಹಸಿರು ಕಂಡರೆ ಗಾಬರಿ ಬೇಡ. ಹೀಟ್ ಗನ್ನಿನ ಶಾಖ ತಾಗಿದೊಡನೆ ಕೆಂಗಂದು ಬಣ್ಣ ಏರಿ ಪಟ್ಟೆಗಳು ಎದ್ದು ನಿಲ್ಲುತ್ತವೆ. ಇಡೀ ಕೆಲಸದಲ್ಲಿ ಅತಿ ಚೆಲುವಿನ ಗಳಿಗೆ ಅದು. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಆಮ್ಲ ಕಳೆಯದಿದ್ದರೆ ಮುಂದೆ ನಳಿಗೆಗೇ ತುಕ್ಕು.

ಕೊನೆಗೆ ಅಗಸೆ ಎಣ್ಣೆ. ಊರಿನ ಗಾಣದ್ದು ದಿನಗಟ್ಟಲೆ ಅಂಟಂಟಾಗಿರುತ್ತದೆ. ಬೇಗ ಒಣಗಿಸುವ ಪದಾರ್ಥ ಬೆರೆಸಿ ಡಬ್ಬಿಯಲ್ಲಿ ಮಾರುವುದೇ ಬೇಕು. ಅಂಗೈಯಿಂದ ತೆಳ್ಳಗೆ ತಿಕ್ಕಿ, ಒಂದು ದಿನ ಬಿಟ್ಟು ಮತ್ತೊಂದು ಕೈ. ಎಣ್ಣೆ ಹೀರಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಣಗುವಾಗ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹೊರಗೆ ಕಲ್ಲಿನ ಮೇಲೆ ಹರಡಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.