ಆಫ್ ಆಗಲ್ಲ ಅಂದ ಪ್ಲಗಿನ್

ಗೆಳತಿಯ ಸೀರೆ ಅಂಗಡಿಯ ಸೈಟ್ ನಡೆಯೋದು ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟೋ ಸಾಫ್ಟ್‌ವೇರ್ ಮೇಲೆ. ಅದು ಯಾಕೋ ನಿಧಾನ ಅಂತ ಇವತ್ತು ಒಂದೊಂದೇ ಪ್ಲಗಿನ್ (ಸೈಟ್‌ಗೆ ಹೆಚ್ಚಿನ ಸೌಲಭ್ಯ ಸೇರಿಸೋ ಪ್ರೋಗ್ರಾಂ) ಆಫ್ ಮಾಡಿ ನೋಡುತ್ತಿದ್ದೆ. ಆನ್‌ಲೈನ್ ಮಾರಾಟ ನೋಡಿಕೊಳ್ಳೋ ವೂಕಾಮರ್ಸ್ ಪ್ಲಗಿನ್ ಹತ್ತಿರ ಬಂದಾಗ ಕೈ ನಿಂತಿತು. ‘ಡಿಆಕ್ಟಿವೇಟ್’ ಅನ್ನೋ ಪದ ಇದೆ, ಆದರೆ ಲಿಂಕ್ ಇಲ್ಲ. ಪಕ್ಕದ ಚೆಕ್‌ಬಾಕ್ಸ್ ಕೂಡ ಮಂಕು. ಇದನ್ನೇ ನಂಬಿಕೊಂಡಿರುವ ಪ್ಲಗಿನ್‌ನ ಹೆಸರು ಅಲ್ಲೇ ಕೆಳಗೆ. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ನನ್ನ ಹತ್ತಿರ ಬನ್ನಿ ಅಂದ ಹಾಗೆ.

2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5ರ ಕೊಡುಗೆ ಇದು. ಪ್ಲಗಿನ್ ಬರೆದವರು ಮುಖ್ಯ ಫೈಲ್‌ನ ತಲೆಯಲ್ಲಿ ‘ರಿಕ್ವೈರ್ಸ್ ಪ್ಲಗಿನ್ಸ್’ ಅಂತ ಒಂದು ಸಾಲು ಹಾಕಿ, ತಮ್ಮದಕ್ಕೆ ಬೇಕಾದ ಬೇರೆ ಪ್ಲಗಿನ್‌ಗಳನ್ನು ಹೆಸರಿಸಿದರೆ ಸಾಕು. ಒಂದೇ ಸಾಲು! ಮುಂಚೆ ಹೀಗಿರಲಿಲ್ಲ. ತಳದ ಪ್ಲಗಿನ್ ತೆಗೆದರೆ ಮೇಲಿನದು ಕೆಲವೊಮ್ಮೆ ಇಡೀ ಸೈಟನ್ನೇ ಬೀಳಿಸುತ್ತಿತ್ತು.

ಆ ಸಾಲು ಬರೆದವರಿಗೆ ನಿಜವಾಗಿಯೂ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ನಾನು ಯಾರ ಮೇಲೆ ನಿಂತಿದ್ದೇನೆ ಅಂತ ಮೊದಲೇ ಹೇಳಿಬಿಡೋದು ದೊಡ್ಡ ಗುಣ, ಅಲ್ವಾ?

ಒಂದು ಕೊರತೆ ಮಾತ್ರ ಇದೆ. ಯಾವ ಪ್ಲಗಿನ್ ಬೇಕು ಅಂತ ಆ ಸಾಲು ಹೇಳುತ್ತೆ, ಯಾವ ವರ್ಷನ್ ಬೇಕು ಅಂತ ಹೇಳಲ್ಲ. ಹಾಗಾಗಿ ಅಪ್‌ಡೇಟ್ ಒತ್ತೋ ಮುಂಚೆ ಸೈಟ್‌ನ ನಕಲು ಪ್ರತಿಯಲ್ಲಿ ಒಮ್ಮೆ ನೋಡಿಬಿಡಿ. ಹಬ್ಬದ ಮಾರಾಟದ ಟೈಮಲ್ಲಂತೂ ಖಂಡಿತ.